ಶಿಕಾಗೋದ ಹಾರ್ಪ್ ಮೇಷ್ಟ್ರಿಗೊಂದು ಸನ್ಮಾನ: ಒಂದು ಪ್ರಕರಣ ಅಧ್ಯಯನ

ಯೋಜನೆ ಸರಳವಾಗಿತ್ತು. ಒಂದು ಫಲಕ, ಒಂದು ಸಂಗೀತ ಸಂಜೆ, ಒಂದು ಚೆಕ್. ಶಿಕಾಗೋದ ದಕ್ಷಿಣ ಭಾಗದಲ್ಲಿ ಬ್ಲೂಸ್ ಎಂಬ ಕಪ್ಪು ಜನರ ಸಂಗೀತವನ್ನು ಹಾರ್ಮೋನಿಕಾದಲ್ಲಿ ನುಡಿಸುತ್ತಾ, ಕಲಿಸುತ್ತಾ ಬದುಕಿದ ಹಿರಿಯರೊಬ್ಬರನ್ನು ಗೌರವಿಸಬೇಕು ಎಂದು ಬಡಾವಣೆಯ ಏಳೆಂಟು ಜನ ಸೇರಿ ಹಾಕಿಕೊಂಡ ಯೋಜನೆ. ಕೊನೆಗೆ ಈ ಮೂರರಲ್ಲಿ ಒಂದೂ ಅಂದುಕೊಂಡ ಹಾಗೆ ನಡೆಯಲಿಲ್ಲ. ನಡೆಯದೆ ಇದ್ದದ್ದೇ ಒಳ್ಳೆಯದಾಯಿತು. ಅದರಲ್ಲೂ ಚೆಕ್ಕಿನ ಕಥೆಯನ್ನು ವಯಸ್ಸಾದ ಕಲಾವಿದರಿಗೆ ದುಡ್ಡು ಕೂಡಿಸಲು ಹೊರಟ ಯಾರಾದರೂ ಮೊದಲೇ ತಿಳಿದಿರಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಆ ಸಮಿತಿಯ ಲೆಕ್ಕ ನೋಡಿಕೊಳ್ಳುತ್ತಿದ್ದೆ. ಸಂಗೀತದ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಯಾರೂ ಕೇಳುತ್ತಿರಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಊರಿನ ಹೆಸರು ಬಿಟ್ಟು ಉಳಿದ ಗುರುತುಗಳನ್ನೆಲ್ಲ ಮರೆಮಾಡಿದ್ದೇನೆ. ಹಿರಿಯರನ್ನು ಇಲ್ಲಿ ಮೇಷ್ಟ್ರು ಎಂದೇ ಕರೆಯುತ್ತೇನೆ. ಅವರ ಶಿಷ್ಯರು ಕರೆಯುವ ಹೆಸರಿಗೂ ಇದಕ್ಕೂ ಭಾವನೆಯಲ್ಲಿ ಜಾಸ್ತಿ ದೂರವಿಲ್ಲ.

ಮೇಷ್ಟ್ರ ಹಿನ್ನೆಲೆ

ವಯಸ್ಸು ಎಂಬತ್ತರ ಆಸುಪಾಸು. ಹುಟ್ಟಿದ್ದು ಮಿಸಿಸಿಪ್ಪಿ ಡೆಲ್ಟಾದ ಹಳ್ಳಿಯಲ್ಲಿ. 1910ರಿಂದ 1970ರವರೆಗೆ ಅಮೆರಿಕದ ದಕ್ಷಿಣದ ರಾಜ್ಯಗಳಿಂದ ಸುಮಾರು 60 ಲಕ್ಷ ಕಪ್ಪು ಜನ ಉತ್ತರಕ್ಕೆ, ಪಶ್ಚಿಮಕ್ಕೆ ವಲಸೆ ಹೋದರು. ಮೇಷ್ಟ್ರ ಮನೆಯವರೂ ಆ ಹೊಳೆಯಲ್ಲೇ ಬಂದವರು. ಇಲಿನಾಯ್ ಸೆಂಟ್ರಲ್ ರೈಲು ಹತ್ತಿ ಶಿಕಾಗೋಗೆ ಬಂದಾಗ ಅವರಿನ್ನೂ ಚಿಕ್ಕ ಹುಡುಗ.

ಹಾರ್ಮೋನಿಕಾ ಅಂದರೆ ನಮ್ಮ ಕಡೆ ಮೌತ್ ಆರ್ಗನ್. ಬ್ಲೂಸ್ ನುಡಿಸುವವರ ಬಾಯಲ್ಲಿ ಅದು ಹಾರ್ಪ್. ಅಂಗೈ ಅಗಲದ ಪೆಟ್ಟಿಗೆ, 10 ರಂಧ್ರ, ಒಳಗೆ 20 ಹಿತ್ತಾಳೆ ಪಟ್ಟಿಗಳು. ಊದಿದರೆ ಒಂದು ಸ್ವರ, ಉಸಿರು ಎಳೆದರೆ ಇನ್ನೊಂದು. ಜರ್ಮನಿಯ ಹೋನರ್ ಕಂಪನಿ 1896ರಿಂದ ಮಾಡುತ್ತಿರುವ ಮರೀನ್ ಬ್ಯಾಂಡ್ ಎಂಬ ಮಾದರಿ ಇವತ್ತಿಗೂ ಬ್ಲೂಸ್‌ನವರ ಜೇಬಿನಲ್ಲಿದೆ. ಜರ್ಮನ್ ಜನಪದ ಹಾಡಿಗೆಂದು ಶ್ರುತಿ ಮಾಡಿದ ಈ ವಾದ್ಯವನ್ನು ದಕ್ಷಿಣದ ಕಪ್ಪು ವಾದಕರು ಅಡ್ಡದಾರಿಯಲ್ಲಿ ಬಳಸಿದರು. ಹಾಡು ಇ ಶ್ರುತಿಯಲ್ಲಿದ್ದರೆ ಎ ಶ್ರುತಿಯ ಹಾರ್ಪ್ ಎತ್ತಿಕೊಳ್ಳುತ್ತಾರೆ. ಆಗ ಊದುವ ಸ್ವರಕ್ಕಿಂತ ಎಳೆಯುವ ಸ್ವರಕ್ಕೇ ಜಾಸ್ತಿ ಕೆಲಸ. ಎಳೆಯುವ ಸ್ವರವನ್ನು ಬಗ್ಗಿಸಬಹುದು. ಮೂರನೇ ರಂಧ್ರದಲ್ಲಿ ಸಿಗುವ ಅಂತರ ಗಾಂಧಾರವನ್ನು ಬಾಯೊಳಗಿನ ಜಾಗ ಬದಲಿಸಿ ಸಾಧಾರಣ ಗಾಂಧಾರದ ಕಡೆಗೆ ಜಗ್ಗುತ್ತಾರೆ, ಪೂರ್ತಿ ತಲುಪುವ ಮುಂಚೆಯೇ ನಿಲ್ಲಿಸುತ್ತಾರೆ. ಎರಡರ ನಡುವಿನ ಆ ಜಾಗದಲ್ಲೇ ಬ್ಲೂಸ್ ಇರುವುದು.

ಮೇಷ್ಟ್ರು ಕಲಿತದ್ದು ಮ್ಯಾಕ್ಸ್‌ವೆಲ್ ಸ್ಟ್ರೀಟ್ ಸಂತೆಯಲ್ಲಿ. ಭಾನುವಾರದ ಆ ಸಂತೆಯಲ್ಲಿ ವಾದಕರು ಅಕ್ಕಪಕ್ಕದ ಮನೆಯವರಿಗೆ ಒಂದಿಷ್ಟು ಕಾಸು ಕೊಟ್ಟು, ಕಿಟಕಿಯಿಂದ ವೈರ್ ಎಳೆದು ಆಂಪ್ಲಿಫೈಯರ್ ಹಚ್ಚುತ್ತಿದ್ದರು. 1994ರಲ್ಲಿ ವಿಶ್ವವಿದ್ಯಾಲಯದ ವಿಸ್ತರಣೆಗಾಗಿ ಸಂತೆಯನ್ನು ಅಲ್ಲಿಂದ ಎಬ್ಬಿಸಿದರು. ಮೇಷ್ಟ್ರು ಹುಡುಗರಾಗಿದ್ದಾಗ ಊರಿನಲ್ಲಿ ಹಾರ್ಪ್ ಅಂದರೆ ಲಿಟಲ್ ವಾಲ್ಟರ್. ಅಂಗೈಗಳ ನಡುವೆ ಹಾರ್ಪನ್ನೂ ಮೈಕನ್ನೂ ಒಟ್ಟಿಗೆ ಮುಚ್ಚಿ ಹಿಡಿದು, ಆಂಪ್ಲಿಫೈಯರನ್ನು ಅದರ ಮಿತಿ ಮೀರಿ ದುಡಿಸಿ, ಸ್ಯಾಕ್ಸೊಫೋನಿನಷ್ಟು ದಪ್ಪ ದನಿ ತೆಗೆದವನು. 1952ರಲ್ಲಿ ಅವನ 'ಜ್ಯೂಕ್' ಎಂಬ ಬರೀ ವಾದನದ ತುಣುಕು ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್) ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು.

ಮೇಷ್ಟ್ರು ಆ ಎತ್ತರಕ್ಕೆ ಹೋದವರಲ್ಲ. ಹಗಲು ಮನೆಗಳಿಗೆ ಬಣ್ಣ ಹೊಡೆಯುವ ಕೆಲಸ, ರಾತ್ರಿ ಕ್ಲಬ್ಬುಗಳಲ್ಲಿ ವಾದನ. ಹೆಸರಾಂತ ಹಾಡುಗಾರರ ಹಿಂದೆ ನಿಂತು ನುಡಿಸಿದ್ದಾರೆ, ಯುರೋಪಿಗೆ ಹೋಗಿ ಬಂದಿದ್ದಾರೆ. ಅವರ ಹೆಸರು ಮುಖಪುಟದ ಮೇಲಿರುವ ಎಲ್‌ಪಿ ಒಂದೇ ಒಂದು. ಇದರ ಜೊತೆಗೆ, ಎಂಬತ್ತರ ದಶಕದಿಂದ ಪ್ರತಿ ಶನಿವಾರ ಬಡಾವಣೆಯ ಪಾರ್ಕಿನ ಫೀಲ್ಡ್‌ಹೌಸಿನಲ್ಲಿ (ಒಳಾಂಗಣ ಆಟದ ಕಟ್ಟಡ) ಮಕ್ಕಳಿಗೆ ಪುಕ್ಕಟೆ ಹಾರ್ಪ್ ಪಾಠ.

ಸನ್ಮಾನ ಬೇಗ ಆಗಬೇಕು ಎಂದು ಸಮಿತಿಗೆ ಅನಿಸಲು ಕಾರಣ ಇತ್ತು. ಹಾರ್ಪ್ ವಾದಕರಿಗೆ ಗೌರವ ಸಿಗುವುದು ಅವರು ತೀರಿಕೊಂಡ ಮೇಲೆಯೇ ಅನ್ನುವಷ್ಟು ಉದಾಹರಣೆಗಳಿವೆ. ಲಿಟಲ್ ವಾಲ್ಟರ್ 1968ರಲ್ಲಿ 37ನೇ ವಯಸ್ಸಿಗೇ ಹೋದ. ಅವನ ಸಮಾಧಿಗೆ ಹೆಸರಿನ ಕಲ್ಲು ಬಂದದ್ದು 1991ರಲ್ಲಿ. ಟೆನೆಸಿಯ ಡೆಫೋರ್ಡ್ ಬೈಲಿ ಗ್ರ್ಯಾಂಡ್ ಓಲ್ ಆಪ್ರಿ ರೇಡಿಯೋ ಕಾರ್ಯಕ್ರಮದ ಮೊದಲ ತಾರೆಗಳಲ್ಲಿ ಒಬ್ಬರು. 1941ರಲ್ಲಿ ಅವರನ್ನು ಕೈಬಿಟ್ಟರು. ಆಮೇಲೆ ಬೂಟ್ ಪಾಲಿಶ್ ಅಂಗಡಿ ನಡೆಸಿಕೊಂಡಿದ್ದು 1982ರಲ್ಲಿ ತೀರಿಕೊಂಡರು. ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 2005ರಲ್ಲಿ. ನಮ್ಮ ಮೇಷ್ಟ್ರಿಗೆ ಇದು ಆಗಬಾರದು ಅನ್ನುವುದಷ್ಟೇ ಆಸೆ.

ಕಾಗದದಲ್ಲಿ ಇಲ್ಲದ ಬದುಕು

ಕಿರುಹೊತ್ತಗೆಯೊಂದು ಅಚ್ಚು ಹಾಕಿಸಬೇಕಿತ್ತು. ವೃತ್ತಿ ಜೀವನದ ವಿವರ ಸುಲಭ, ಸಮಾಜಸೇವೆಯ ವಿವರ ಕಷ್ಟ ಎಂದು ಎಲ್ಲರೂ ಅಂದುಕೊಂಡಿದ್ದರು. ಮೊದಲನೆಯದೂ ಸುಲಭವಾಗಿರಲಿಲ್ಲ.

ಆ ಕಾಲದ ಸಿಂಗಲ್ ರೆಕಾರ್ಡುಗಳ ಮೇಲೆ ಹಾಡುಗಾರನ ಹೆಸರಿರುತ್ತದೆ, ಹಿಂದೆ ನುಡಿಸಿದವರ ಹೆಸರಿರುವುದಿಲ್ಲ. ಸಂಗೀತಗಾರರ ಯೂನಿಯನ್ನಿನಲ್ಲಿ ಒಪ್ಪಂದದ ಪ್ರತಿ ಸಿಗಬಹುದು ಅಂದರೆ, ಅದೂ ನೇರವಾಗಿಲ್ಲ. ಶಿಕಾಗೋದಲ್ಲಿ ಬಿಳಿಯರಿಗೆ ಲೋಕಲ್ 10, ಕಪ್ಪು ವಾದಕರಿಗೆ ಲೋಕಲ್ 208 ಎಂದು ಎರಡು ಶಾಖೆಗಳಿದ್ದವು. ಅವು ಒಂದಾದದ್ದು 1966ರಲ್ಲಿ. ಸಣ್ಣ ಲೇಬಲ್‌ಗಳ ಎಷ್ಟೋ ಸೆಷನ್‌ಗಳು ಯೂನಿಯನ್ ಕಣ್ಣಿಗೇ ಬೀಳದೆ ಮುಗಿದುಹೋಗುತ್ತಿದ್ದವು. ಕೈಗೆ ಇಪ್ಪತ್ತೋ ಮೂವತ್ತೋ ಡಾಲರ್ ಕೊಟ್ಟು ಕಳಿಸಿದರೆ ಕಾಗದ ಎಲ್ಲಿಂದ ಬರಬೇಕು?

ಸಮಿತಿಯಲ್ಲಿ ಒಬ್ಬರು ರೆಕಾರ್ಡ್ ಸಂಗ್ರಾಹಕರಿದ್ದರು. ಅರವತ್ತರ ದಶಕದ ಕೊನೆಯ ಒಂದು ಸಿಂಗಲ್‌ನಲ್ಲಿ ಬರುವ ಹಾರ್ಪ್ ಸೋಲೋ ಮೇಷ್ಟ್ರದ್ದೇ ಎಂದು ಅವರಿಗೆ ಖಾತ್ರಿ. ಬ್ಲೂಸ್ ಪ್ರಿಯರ ನಡುವೆ ಅದು ಸಾಕಷ್ಟು ಹೆಸರು ಮಾಡಿದ ತುಣುಕು, ನುಡಿಸಿದವರು ಯಾರು ಎಂಬ ಜಗಳ ಇನ್ನೂ ಮುಗಿದಿಲ್ಲ. ಹೊತ್ತಗೆಯ ಮೊದಲ ಪುಟಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ಬೇಕೇ? ವಾಕ್ಯವನ್ನೂ ಬರೆದಾಗಿತ್ತು. ಅಚ್ಚಿಗೆ ಕಳಿಸುವ ಮುಂಚೆ ಒಮ್ಮೆ ಮೇಷ್ಟ್ರಿಗೇ ಕೇಳಿಸೋಣ ಎಂದು ಅವರ ಅಡುಗೆಮನೆಗೆ ರೆಕಾರ್ಡ್ ಪ್ಲೇಯರ್ ಹೊತ್ತುಕೊಂಡು ಹೋದರು.

ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಕೇಳಿದರು. ಇನ್ನೊಂದು ಸಲ ಹಾಕು ಅಂದರು. ಸೋಲೋ ಮುಗಿದ ಮೇಲೆ, ನಾನಲ್ಲ ಅಂದರು.

ಸಂಗ್ರಾಹಕರು ಬಿಡಲಿಲ್ಲ. ಐವತ್ತು ವರ್ಷ ಹಿಂದಿನ ಮಾತು, ಮರೆತಿರಬಹುದಲ್ವಾ ಎಂದು ನಯವಾಗಿ ಕೇಳಿದರು. ಮೇಷ್ಟ್ರು ಜೇಬಿನಿಂದ ಹಾರ್ಪ್ ತೆಗೆದರು. ತಾನು ನಾಲಿಗೆಯಿಂದ ಮೂರು ರಂಧ್ರ ಮುಚ್ಚಿ, ಬಾಯಿಯ ಅಂಚಿನಲ್ಲಿ ಒಂದು ಸ್ವರ ತೆಗೆಯುವವನು, ಅದಕ್ಕೇ ತನ್ನ ಸ್ವರದ ಶುರುವಿನಲ್ಲಿ ಒಂದು ಸಣ್ಣ ತಟ್ಟು ಇರುತ್ತದೆ ಎಂದು ನುಡಿಸಿ ತೋರಿಸಿದರು. ಆಮೇಲೆ ತುಟಿಯನ್ನು ಸೀಟಿ ಹೊಡೆಯುವ ಹಾಗೆ ಕಿರಿದು ಮಾಡಿ ಅದೇ ಸಾಲನ್ನು ನುಡಿಸಿದರು. ತಟ್ಟು ಮಾಯ. ಸ್ವರ ಜಾರಿಕೊಂಡು ಬಂತು, ರೆಕಾರ್ಡಿನಲ್ಲಿ ಇದ್ದ ಹಾಗೇ. ಆ ಕಾಲದಲ್ಲಿ ಹಾಗೆ ನುಡಿಸುತ್ತಿದ್ದ ಇಬ್ಬರ ಹೆಸರನ್ನೂ ಹೇಳಿದರು. ಇಬ್ಬರೂ ಈಗಿಲ್ಲ.

ಈ ಪ್ರಕರಣದ ಮೊದಲ ತಿರುವು ಇದು. ವಾಕ್ಯ ಹೊತ್ತಗೆಯಿಂದ ಹೋಯಿತು. ಸಂಗ್ರಾಹಕರಿಗೆ ಬೇಜಾರಾಯಿತು, 'ಎಂದು ಹೇಳಲಾಗುತ್ತದೆ' ಅಂತ ಸೇರಿಸಿ ಇಟ್ಟುಕೊಳ್ಳೋಣ ಎಂದು ವಾದಿಸಿದರು. ಸಮಿತಿ ಒಪ್ಪಲಿಲ್ಲ. ಅಭಿನಂದನ ಗ್ರಂಥಗಳನ್ನು ಓದಿ ಬೆಳೆದ ನನಗೆ ಇದು ಹೊಸ ಅನುಭವ. ನಮ್ಮಲ್ಲಿ ಸನ್ಮಾನಿತರ ಬಗ್ಗೆ ಒಂದು ಮಾತು ಕಡಿಮೆ ಮಾಡಿದರು ಅನ್ನುವುದನ್ನು ನಾನು ಕೇಳಿಲ್ಲ.

ವೃತ್ತಿಯ ಪುಟಗಳು ಸಣ್ಣದಾದವು. ಆ ಜಾಗಕ್ಕೆ ಶನಿವಾರದ ಪಾಠದ ಕಥೆ ಬರಬೇಕಾಯಿತು. ಅದಕ್ಕೆ ಕಾಗದವೇ ಇರಲಿಲ್ಲ. ಹಾಜರಿ ಪುಸ್ತಕವಿಲ್ಲ, ಶುಲ್ಕವಿಲ್ಲದ್ದರಿಂದ ರಸೀದಿಯೂ ಇಲ್ಲ. ಶಿಕಾಗೋ ಶಾಲೆಗಳಲ್ಲಿ ಬ್ಲೂಸ್ ಕಲಿಸುವ ಕೆಲಸವನ್ನು ಬಿಲಿ ಬ್ರಾಂಚ್ ಎಂಬ ಹಾರ್ಪ್ ವಾದಕರು ಎಪ್ಪತ್ತರ ದಶಕದ ಕೊನೆಯಿಂದ ನಡೆಸಿಕೊಂಡು ಬಂದಿದ್ದಾರೆ, ಅದಕ್ಕೆ ದಾಖಲೆ ಇದೆ, ಹೆಸರೂ ಇದೆ. ಮೇಷ್ಟ್ರ ಪಾಠ ಯಾವ ಯೋಜನೆಯ ಭಾಗವೂ ಅಲ್ಲ. ಫೀಲ್ಡ್‌ಹೌಸಿನ ಮೇಲ್ವಿಚಾರಕಿಯೊಬ್ಬರು ಒಂದು ಕೋಣೆಯ ಬೀಗದ ಕೈ ಕೊಟ್ಟರು, ಇವರು ಕಲಿಸಿದರು, ಅಷ್ಟೇ.

ಸಮಿತಿ ಒಂದು ಕೆಲಸ ಮಾಡಿತು. ಬಡಾವಣೆಯ ಗ್ರಂಥಾಲಯದಲ್ಲಿ ಕೆಲವು ಶನಿವಾರ ಒಂದು ಮೇಜು ಹಾಕಿ, ಹಳೆಯ ಶಿಷ್ಯರು ಬಂದು ಮಾತಾಡಿ ಹೋಗಿ ಎಂದು ಚೀಟಿ ಅಂಟಿಸಿತು. ಒಪ್ಪಿಗೆ ಪಡೆದು ಧ್ವನಿ ಮುದ್ರಿಸಿಕೊಂಡಿತು. ಬಂದವರಲ್ಲಿ ಬಸ್ ಡ್ರೈವರ್ ಇದ್ದರು. ಶ್ವಾಸಕೋಶದ ಕಾಯಿಲೆಯವರಿಗೆ ಉಸಿರಾಟದ ವ್ಯಾಯಾಮ ಮಾಡಿಸುವ ಆಸ್ಪತ್ರೆಯ ದಾದಿಯೊಬ್ಬರು ಬಂದರು. ಅವರು ರೋಗಿಗಳ ಕೈಗೆ ಹಾರ್ಪ್ ಕೊಡುತ್ತಾರಂತೆ. ಊದಲೂ ಬೇಕು, ಎಳೆಯಲೂ ಬೇಕು ಅನ್ನುವ ಕಾರಣಕ್ಕೆ ಅಮೆರಿಕದ ಹಲವು ಆಸ್ಪತ್ರೆಗಳಲ್ಲಿ ಈ ಪದ್ಧತಿ ಇದೆ. ಉಸಿರು ಹೇಗೆ ಎಳೆಯಬೇಕು ಅನ್ನುವುದನ್ನು ತಾನು ನರ್ಸಿಂಗ್ ಕಾಲೇಜಿನಲ್ಲಿ ಅಲ್ಲ, ಹತ್ತನೇ ವಯಸ್ಸಿನಲ್ಲಿ ಮೇಷ್ಟ್ರ ಹತ್ತಿರ ಕಲಿತೆ ಅಂದರು.

'ಮೇಷ್ಟ್ರು ನನ್ನ ಜೀವ ಉಳಿಸಿದರು' ಅನ್ನುವ ಮಾತೂ ಬಂತು, ಒಂದಕ್ಕಿಂತ ಹೆಚ್ಚು ಸಲ. ಅಂಥ ಮಾತು ಹೊತ್ತಗೆಗೆ ಬೇಗ ಒಗ್ಗುತ್ತದೆ, ಅದಕ್ಕೇ ಹುಷಾರಾಗಿರಬೇಕು. ಹೇಳಿದವರ ಹೆಸರು, ಅವರದೇ ವಾಕ್ಯ ಇದ್ದರೆ ಮಾತ್ರ ಹಾಕುವುದು, ಸಮಿತಿ ತನ್ನ ದನಿಯಲ್ಲಿ ಅದನ್ನು ಹೇಳಬಾರದು ಎಂದು ತೀರ್ಮಾನವಾಯಿತು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಐವತ್ತು ದಾಟಿದ ಒಬ್ಬರ ಮಾತು. ನನಗೆ ಹಾರ್ಪ್ ಕೊನೆಗೂ ಬರಲಿಲ್ಲ, ಚಳಿಗಾಲದಲ್ಲಿ ಆ ಕೋಣೆ ಬೆಚ್ಚಗಿರುತ್ತಿತ್ತು, ಡೋನಟ್ ಇರುತ್ತಿತ್ತು, ಅದಕ್ಕೆ ಸುಮ್ನೆ ಹೋಗುತ್ತಿದ್ದೆ ಅಂದರು. ಅದು ಬರದ ಹುಡುಗನನ್ನು ವರ್ಷಗಟ್ಟಲೆ ಹೊರಗೆ ಕಳಿಸದೆ ಕೂರಿಸಿಕೊಂಡಿದ್ದರು ಅನ್ನುವುದು ಬೇರೆ ಯಾವ ಹೊಗಳಿಕೆಯಲ್ಲೂ ಸಿಕ್ಕಿರಲಿಲ್ಲ. ಆ ಮಾತು ಹಾಗೇ ಅಚ್ಚಾಯಿತು.

ಇನ್ನೊಂದು ವಿಷಯ ಮೇಜಿನ ಬಳಿ ಬಂದವರಿಂದಲೇ ಗೊತ್ತಾಯಿತು. ಹಾರ್ಪ್ ಸವೆಯುವ ವಾದ್ಯ. ಜೋರಾಗಿ ಬಗ್ಗಿಸಿ ನುಡಿಸಿದರೆ ಒಳಗಿನ ಹಿತ್ತಾಳೆ ಪಟ್ಟಿ ದಣಿದು ಶ್ರುತಿ ಇಳಿಯುತ್ತದೆ. ಸಾಮಾನ್ಯವಾಗಿ ಜನ ಅದನ್ನು ಬಿಸಾಡಿ ಹೊಸದು ಕೊಳ್ಳುತ್ತಾರೆ. ಮೇಷ್ಟ್ರು ಊರಿನ ವಾದಕರ ಸತ್ತ ಹಾರ್ಪ್‌ಗಳನ್ನೆಲ್ಲ ಬೇಡಿ ತಂದು ಮನೆಯಲ್ಲಿ ಬಿಚ್ಚುತ್ತಿದ್ದರು. ಪಟ್ಟಿಯ ತುದಿಯನ್ನು ಒಂಚೂರು ಕೆರೆದರೆ ಸ್ವರ ಏರುತ್ತದೆ, ಬುಡದ ಹತ್ತಿರ ಕೆರೆದರೆ ಇಳಿಯುತ್ತದೆ. ಪಟ್ಟಿಯ ಕೆಳಗೆ ತೆಳ್ಳನೆ ತಗಡು ತೂರಿಸಿ, ಸಣ್ಣ ಅರದಿಂದ ಒಂದು ಸಲ ಎಳೆಯುವುದು, ಊದಿ ನೋಡುವುದು, ಮತ್ತೆ ಒಂದು ಸಲ. ಹೀಗೆ ಬದುಕಿಸಿದ ಹಾರ್ಪ್‌ಗಳು ಶನಿವಾರದ ಮಕ್ಕಳ ಕೈಗೆ ಹೋಗುತ್ತಿದ್ದವು. ಊರಿನ ದೊಡ್ಡ ವಾದಕರು ಊದಿ ಬಿಟ್ಟ ವಾದ್ಯಗಳಲ್ಲಿ ಎಂಟು ವರ್ಷದ ಮಕ್ಕಳು ಅಭ್ಯಾಸ ಮಾಡುತ್ತಿದ್ದರು, ಅದು ಇಬ್ಬರಿಗೂ ಗೊತ್ತಿರಲಿಲ್ಲ.

ಚೆಕ್ಕಿನ ಲೆಕ್ಕ

ದೇಣಿಗೆ ಚೆನ್ನಾಗಿಯೇ ಬಂತು. ವೇದಿಕೆಯ ಮೇಲೆ ಮೇಷ್ಟ್ರ ಕೈಗೆ ಕೆಲವು ಸಾವಿರ ಡಾಲರಿನ ಚೆಕ್ ಕೊಡುವುದು ಎಂದಾಗಿತ್ತು. ಈ ಸುದ್ದಿಯನ್ನು ಗುಟ್ಟಾಗಿಡಬೇಕು, ಅವರಿಗೆ ಅಚ್ಚರಿ ಆಗಬೇಕು ಎಂದೂ ಆಗಿತ್ತು. ಅದೃಷ್ಟಕ್ಕೆ ಯಾರೋ ಮಗಳಿಗೆ ಹೇಳಿದರು. ಮಗಳು ಕೇಳಿದ್ದು ಎಷ್ಟು ಎಂದಲ್ಲ. "ಯಾವ ತಿಂಗಳು?" ಎಂದು.

ಯಾರಿಗೂ ಪ್ರಶ್ನೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಕೈಗೆ ಕಾಸು ಪಡೆದು ದುಡಿದವರಿಗೆ ಸೋಷಿಯಲ್ ಸೆಕ್ಯುರಿಟಿ ಎಂಬ ಸರ್ಕಾರಿ ಯೋಜನೆಯಲ್ಲಿ ಸಿಗುವ ಪಿಂಚಣಿ ಬಹಳ ಕಮ್ಮಿ. ಆ ಕೊರತೆ ತುಂಬಲು ಎಸ್‌ಎಸ್‌ಐ ಎಂಬ ಇನ್ನೊಂದು ನೆರವು ಇದೆ. ನಮ್ಮ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಹಿರಿಯ ಕಲಾವಿದರಿಗೆ ಕೊಡುವ ಮಾಸಾಶನದಂಥದ್ದಲ್ಲ ಇದು. ಕಲಾವಿದರು ಎಂದು ಸಿಗುವುದಿಲ್ಲ, ವಯಸ್ಸಾದ ಬಡವರು ಎಂದು ಸಿಗುತ್ತದೆ. ಬಡವರಾಗಿ ಉಳಿದಿದ್ದೀರಿ ಎಂದು ಪ್ರತಿ ತಿಂಗಳೂ ತೋರಿಸುತ್ತಿರಬೇಕು. 2025ರಲ್ಲಿ ಒಬ್ಬರಿಗೆ ಇದರ ಗರಿಷ್ಠ ಮೊತ್ತ ತಿಂಗಳಿಗೆ 967 ಡಾಲರ್. ಬೇರೆ ಪಿಂಚಣಿ ಇದ್ದರೆ ಅದನ್ನು ಕಳೆದು ಉಳಿದದ್ದು. ಪಡೆಯುವವರ ಹೆಸರಿನಲ್ಲಿ ಲೆಕ್ಕಕ್ಕೆ ಬರುವ ಆಸ್ತಿ 2,000 ಡಾಲರ್ ದಾಟಬಾರದು. ಈ ಮಿತಿ 1989ರಿಂದ ಒಂದು ಡಾಲರೂ ಏರಿಲ್ಲ.

ಈಗ ಚೆಕ್ ಹಾಕಿ ನೋಡಿ. ಕೊಟ್ಟ ತಿಂಗಳು ಆ ಪೂರ್ತಿ ಮೊತ್ತ ಆದಾಯ. ಆ ತಿಂಗಳ ಎಸ್‌ಎಸ್‌ಐ ಹೋಯಿತು. ಮುಂದಿನ ತಿಂಗಳ ಮೊದಲ ದಿನ ಬ್ಯಾಂಕಿನಲ್ಲಿ 2,000ಕ್ಕಿಂತ ಜಾಸ್ತಿ ಉಳಿದಿದ್ದರೆ ಅದು ಆಸ್ತಿ, ಆ ತಿಂಗಳದ್ದೂ ಇಲ್ಲ. ಸರಿ, ಮೊಮ್ಮಕ್ಕಳಿಗೆ ಹಂಚಿಬಿಡೋಣ ಅಂದರೆ, ಬೇಕೆಂದೇ ಆಸ್ತಿ ದಾಟಿಸಿದ್ದಾರೆ ಎಂದು 36 ತಿಂಗಳವರೆಗೂ ನೆರವು ತಡೆಹಿಡಿಯಲು ನಿಯಮದಲ್ಲಿ ಅವಕಾಶವಿದೆ. ಮೇಷ್ಟ್ರ ಸ್ವಭಾವ ನೋಡಿದರೆ ಅವರು ಮರುದಿನವೇ ಹಂಚುತ್ತಿದ್ದರು.

ಉಚಿತ ಕಾನೂನು ನೆರವಿನ ವಕೀಲರೊಬ್ಬರು ಒಂದು ಸಂಜೆ ಕೂತು ದಾರಿ ತೋರಿಸಿದರು. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಒಂದು, ವಸತಿಗೆ ಸೇರದ ಖರ್ಚನ್ನು ಬೇರೆಯವರು ನೇರವಾಗಿ ಅಂಗಡಿಗೋ ವೈದ್ಯರಿಗೋ ಕಟ್ಟಿದರೆ ಅದು ಪಡೆಯುವವರ ಆದಾಯವಾಗುವುದಿಲ್ಲ. ಹಾಗಾದರೆ ಮೇಷ್ಟ್ರಿಗೆ ಏನು ಬೇಕು ಎಂದು ಆಗ ಮೊದಲ ಸಲ ಕೇಳಿದರು. ಅವರಿಗೆ ಬೇಕಾಗಿದ್ದದ್ದು ಹಲ್ಲು. ಕೆಳದವಡೆಯ ಹಲ್ಲಿನ ಸೆಟ್ ಸಡಿಲವಾಗಿತ್ತು. ಊಟಕ್ಕೆ ಹೇಗೋ ನಡೆಯುತ್ತಿತ್ತು. ನಾಲಿಗೆಯಿಂದ ರಂಧ್ರ ಮುಚ್ಚಿ ನುಡಿಸುವವರಿಗೆ ನಾಲಿಗೆ ಸದಾ ಮುಂದೆ ಬಂದು ಅತ್ತಿತ್ತ ಓಡಾಡುತ್ತದೆ, ಪ್ರತಿ ಸಲವೂ ಸೆಟ್ಟನ್ನು ಎಬ್ಬಿಸುತ್ತದೆ. ಎರಡು ವರ್ಷದಿಂದ ಅವರು ಕ್ಲಬ್ಬಿಗೆ ಹೋಗುವುದನ್ನು ಬಿಟ್ಟಿದ್ದಕ್ಕೆ ಇದೇ ಕಾರಣ. ಜನ ವಯಸ್ಸು ಅಂದುಕೊಂಡಿದ್ದರು. ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನಲ್ಲಿ ಹಲ್ಲಿನ ಸೆಟ್ಟಿಗೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ದವಡೆಗೆ ಇಂಪ್ಲಾಂಟ್ ಕೂರಿಸಿ ಅದಕ್ಕೆ ಕಚ್ಚಿಕೊಳ್ಳುವ ಸೆಟ್ ಮಾಡಿಸುವುದು, ದುಡ್ಡು ಸೀದಾ ದಂತವೈದ್ಯರಿಗೆ ಎಂದು ತೀರ್ಮಾನವಾಯಿತು. ಇಂಥದ್ದಕ್ಕೆ ಮೆಂಫಿಸ್‌ನ ಬ್ಲೂಸ್ ಫೌಂಡೇಷನ್ನಿನ ಹಾರ್ಟ್ ಫಂಡ್ ಇದೆ, ಎಲ್ಲ ಬಗೆಯ ಸಂಗೀತಗಾರರಿಗೂ ಮ್ಯೂಸಿಕೇರ್ಸ್ ಇದೆ. ದೇಣಿಗೆ ಎತ್ತುವ ಮುಂಚೆ ಅಲ್ಲಿ ಕೇಳುವುದು ಒಳ್ಳೆಯದು.

ಎರಡನೆಯದು ನನಗೆ ಲೆಕ್ಕದವನಾಗಿ ಖುಷಿ ಕೊಟ್ಟದ್ದು. ಎಸ್‌ಎಸ್‌ಐ ಉಡುಗೊರೆಯನ್ನು ನೋಡುವ ರೀತಿ ಬೇರೆ, ದುಡಿಮೆಯನ್ನು ನೋಡುವ ರೀತಿ ಬೇರೆ. ಉಡುಗೊರೆ ಕೊಟ್ಟರೆ ಹೆಚ್ಚುಕಮ್ಮಿ ಡಾಲರಿಗೆ ಡಾಲರ್ ಕಳೆಯುತ್ತಾರೆ. ದುಡಿದ ಹಣದಲ್ಲಿ ಮೊದಲ 65 ಡಾಲರ್ ಲೆಕ್ಕಕ್ಕಿಲ್ಲ, ಉಳಿದದ್ದರಲ್ಲಿ ಅರ್ಧ ಮಾತ್ರ ಲೆಕ್ಕ. ತಿಂಗಳಿಗೆ 365 ಡಾಲರ್ ದುಡಿದರೆ 65 ಬಿಟ್ಟು 300, ಅದರಲ್ಲಿ ಅರ್ಧ 150. ಎಸ್‌ಎಸ್‌ಐನಲ್ಲಿ 150 ಕಮ್ಮಿಯಾಗುತ್ತದೆ, ಆದರೂ ಕೈಗೆ 215 ಜಾಸ್ತಿ ಬರುತ್ತದೆ. ಹಾಗಾಗಿ ಒಂದೇ ಸಲದ ಚೆಕ್ ಬದಲು ಶನಿವಾರದ ಪಾಠಕ್ಕೆ ತಿಂಗಳು ತಿಂಗಳು ಸಂಬಳ ಎಂದಾಯಿತು. ಮೊದಲ ಸಲ ಆ ಪಾಠಕ್ಕೆ ಸಂಬಳ! ಸಮಿತಿಗೆ ತನ್ನದೇ ನೋಂದಣಿ ಇಲ್ಲದ್ದರಿಂದ ತೆರಿಗೆ ವಿನಾಯಿತಿ ಇರುವ ಒಂದು ಸಂಸ್ಥೆಯ ಮೂಲಕ ಹಣ ಹೋಯಿತು.

ದೇಣಿಗೆ ಕೊಟ್ಟ ಕೆಲವರಿಗೆ ಇದು ಸರಿ ಕಾಣಲಿಲ್ಲ. ವೇದಿಕೆಯ ಮೇಲೆ ದೊಡ್ಡ ಚೆಕ್ ಹಿಡಿದ ಫೋಟೋ ಇಲ್ಲದಿದ್ದರೆ ಹೇಗೆ ಎಂದು ಒಬ್ಬರು ಕೇಳಿದರು. ಸಂಬಳ ಅಂದರೆ ಗೌರವ ಕಮ್ಮಿಯಾಗಲ್ವಾ ಅಂತ ಇನ್ನೊಬ್ಬರು. ಮೇಷ್ಟ್ರಿಗೆ ಹಾಗೆ ಅನಿಸಲಿಲ್ಲ. ಉಡುಗೊರೆ ಬೇಡ ಅನ್ನುತ್ತಿದ್ದೆ, ಸಂಬಳ ಬೇಡ ಅನ್ನುವಷ್ಟು ದಡ್ಡ ಅಲ್ಲ ಅಂದರು.

ಹಳೆಯ ಎಲ್‌ಪಿಯ ವಿಷಯವೂ ಇದರ ನಡುವೆ ಎದ್ದಿತು. ಅಮೆರಿಕದಲ್ಲಿ ಅಂತರ್ಜಾಲ ರೇಡಿಯೋಗಳಲ್ಲಿ ರೆಕಾರ್ಡ್ ಹಾಕಿದರೆ ಸೌಂಡ್‌ಎಕ್ಸ್‌ಚೇಂಜ್ ಎಂಬ ಸಂಸ್ಥೆ ರಾಯಧನ ಸಂಗ್ರಹಿಸುತ್ತದೆ. ಅದರಲ್ಲಿ 50 ಭಾಗ ಹಕ್ಕುದಾರರಿಗೆ, 45 ಮುಖ್ಯ ಕಲಾವಿದರಿಗೆ, 5 ಹಿಂದೆ ನುಡಿಸಿದವರಿಗೆ. 1972ಕ್ಕಿಂತ ಹಿಂದಿನ ಧ್ವನಿಮುದ್ರಣಗಳೂ 2018ರ ಕಾನೂನಿನಿಂದ ಇದರೊಳಗೆ ಬಂದವು. ನೋಂದಾಯಿಸಿಕೊಳ್ಳದೆ ಇದ್ದರೆ ಮಾತ್ರ ಏನೂ ಬರುವುದಿಲ್ಲ. ಮೇಷ್ಟ್ರು ನೋಂದಾಯಿಸಿಕೊಂಡೇ ಇರಲಿಲ್ಲ. ಈಗ ಆಗಿದೆ. ಬರುವುದು ಕಾಫಿ ಖರ್ಚಿಗೆ ಸಾಕಾಗುವಷ್ಟು.

ಆ ಮಧ್ಯಾಹ್ನ

ಪೇಟೆಯ ಒಂದು ಹೆಸರಾಂತ ಕ್ಲಬ್ ಜಾಗ ಕೊಡಲು ಮುಂದೆ ಬಂದಿತ್ತು, ರಾತ್ರಿ ಒಂಬತ್ತಕ್ಕೆ. ಮೇಷ್ಟ್ರು ಎರಡೇ ಬೇಡಿಕೆ ಇಟ್ಟರು. ಹಗಲು ಹೊತ್ತು ಆಗಬೇಕು. ಡ್ರಮ್ಸ್, ಬೇಸ್, ಗಿಟಾರ್‌ನವರಿಗೆ ಪೂರ್ತಿ ಸಂಭಾವನೆ ಕೊಡಬೇಕು, ಪ್ರೀತಿಗಾಗಿ ನುಡಿಸಿ ಅನ್ನಬಾರದು. ಹಗಲು ಯಾಕೆ ಅಂದರೆ ಅವರ ಜೊತೆಗಾರರಿಗೆಲ್ಲ ವಯಸ್ಸಾಗಿದೆ, ರಾತ್ರಿ ಕಾರು ಓಡಿಸುವುದಿಲ್ಲ, ಕ್ಲಬ್ಬಿನ ಮೆಟ್ಟಿಲು ಹತ್ತಲಾಗುವುದಿಲ್ಲ. ಹಾಗಾಗಿ ಫೀಲ್ಡ್‌ಹೌಸಿನ ಜಿಮ್ನಾಷಿಯಮ್ ಆಯಿತು, ಭಾನುವಾರ ಮಧ್ಯಾಹ್ನ.

ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ದನಿ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಹಾರ್ಪ್‌ನವರು ಹಿಡಿಯುವ ಬುಲೆಟ್ ಮೈಕ್ ಇಂಥ ಕಡೆ ಕಿರುಚುತ್ತದೆ. ಪಾರ್ಕಿನವರಿಂದ ಕುಸ್ತಿಯ ಚಾಪೆಗಳನ್ನು ಕೇಳಿ ತಂದು ಹಿಂದಿನ ಗೋಡೆಗೆ ಒರಗಿಸಿದರು. ಸಾಲಲಿಲ್ಲ, ಆದರೂ ನಡೆಯಿತು.

ನಿಜವಾದ ತಲೆನೋವು ಹಾರ್ಪ್ ವಾದಕರದ್ದು. ಗೌರವ ಸಲ್ಲಿಸಲು ಊರಿನ ಅರ್ಧದಷ್ಟು ಹಾರ್ಪ್‌ನವರು ಬಂದಿದ್ದರು, ಎಲ್ಲರ ಸೊಂಟದ ಪಟ್ಟಿಯಲ್ಲೂ ಹನ್ನೆರಡು ಶ್ರುತಿಗೆ ಹನ್ನೆರಡು ಹಾರ್ಪ್. ಇಬ್ಬರು ಒಟ್ಟಿಗೆ ನುಡಿಸಿದರೆ ಹಾಡು ಕೆಡುತ್ತದೆ. ಒಂದು ಹಾಡಿಗೆ ಒಂದೇ ಹಾರ್ಪ್ ಎಂಬ, ಬಂದವರೆಲ್ಲ ಸೇರಿ ನುಡಿಸುವ ಜಾಮ್‌ಗಳ ಹಳೇ ನಿಯಮವನ್ನು ಮೇಷ್ಟ್ರೇ ಕುರ್ಚಿಯಲ್ಲಿ ಕೂತು ಜಾರಿ ಮಾಡಿದರು. ನುಡಿಸುವವರ ಹೆಸರಿನ ಪಟ್ಟಿ ಅವರ ಕೈಯಲ್ಲಿತ್ತು. ಹೆಸರಾಂತರನ್ನು ಕಾಯಿಸಿ, ಹನ್ನೊಂದು ವರ್ಷದ ಹುಡುಗಿಯನ್ನು ಮೊದಲು ಕರೆದರು.

ಭಾಷಣ ಎರಡು ನಿಮಿಷ ಎಂದು ಮೊದಲೇ ಹೇಳಿದ್ದರೂ ಚುನಾಯಿತ ಪ್ರತಿನಿಧಿಯೊಬ್ಬರು ಬಹಳ ಹೊತ್ತು ಮಾತಾಡಿದರು. ಇದು ಎಲ್ಲ ದೇಶದಲ್ಲೂ ಒಂದೇ, ಅಲ್ವಾ? ಡ್ರಮ್ಮರ್ ಮೆಲ್ಲಗೆ ಶಫಲ್ ತಾಳ ಶುರು ಮಾಡಿದ ಮೇಲೆ ನಿಲ್ಲಿಸಿದರು. ಶಾಲು ಹೊದಿಸೋಣ ಅನ್ನುವ ಸಲಹೆ ನನ್ನದು. ಮೈಸೂರಿನಿಂದ ಯಾವಾಗಲೋ ತಂದ ರೇಷ್ಮೆ ಶಾಲು ಮನೆಯಲ್ಲಿತ್ತು. ಹೊದಿಸಿದರು. ಹೊಸ ಹಲ್ಲು ಕೂರಿಸಿ ಆಗ ಕೆಲವು ವಾರವಷ್ಟೇ ಆಗಿತ್ತು, ನುಡಿಸುತ್ತಾರೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಎರಡು ಹಾಡು ನುಡಿಸಿದರು, ಕೂತೇ. ಮೂರನೆಯದಕ್ಕೆ ಜನ ಕೂಗಿದಾಗ ಕೈ ಅಲ್ಲಾಡಿಸಿ ಪಟ್ಟಿಯಲ್ಲಿದ್ದ ಮುಂದಿನ ಹೆಸರು ಓದಿದರು.

ಆಮೇಲೆ

ಎಲ್ಲವೂ ಸರಿಹೋಯಿತು ಎಂದೇನಿಲ್ಲ. ದುಡಿಮೆಯ ಹಣವನ್ನು ಮುಂದಿನ ತಿಂಗಳ 10ನೇ ತಾರೀಖಿನೊಳಗೆ ವರದಿ ಮಾಡಬೇಕು. ಆ ಕೆಲಸ ಮಗಳ ಮೇಲೆ ಬಿತ್ತು. ಒಂದು ತಿಂಗಳು ತಡವಾಯಿತು, ಜಾಸ್ತಿ ಹಣ ಪಾವತಿಯಾಗಿದೆ, ವಾಪಸ್ ಕಟ್ಟಿ ಎಂಬ ಪತ್ರ ಬಂತು. ವಕೀಲರು ಮತ್ತೆ ಬಂದು ಕಂತು ಮಾಡಿಸಿದರು. ಯೋಜನೆ ಹಾಕುವಾಗಲೇ ಈ ವರದಿಯ ಕೆಲಸಕ್ಕೆ ಸಮಿತಿಯಿಂದ ಒಬ್ಬರನ್ನು ಗೊತ್ತುಪಡಿಸಬೇಕಿತ್ತು. ಈಗ ಗೊತ್ತುಪಡಿಸಿದೆ. ಇಂಥ ಕೆಲಸಕ್ಕೆ ಕೈಹಾಕುವವರು ಸಭಾಂಗಣ ಗೊತ್ತು ಮಾಡುವ ಮುಂಚೆ ಮನೆಯವರ ಜೊತೆ ಕೂತು ಯಾವ ಯಾವ ನೆರವು ಬರುತ್ತಿದೆ, ಯಾವುದಕ್ಕೆ ಯಾವ ಮಿತಿ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಲಿ. ಅಚ್ಚರಿ ಕೊಡುವ ಆಸೆ ಇದ್ದರೆ ಹಾರದಲ್ಲೋ ಕೇಕಿನಲ್ಲೋ ತೀರಿಸಿಕೊಳ್ಳಲಿ, ದುಡ್ಡಿನಲ್ಲಿ ಬೇಡ.

ಫಲಕದ ಕಥೆ ಸಣ್ಣದು. ಶಿಕಾಗೋದಲ್ಲಿ ಬೀದಿಯ ಮೂಲ ಹೆಸರಿನ ಜೊತೆಗೆ ಕಂದು ಬಣ್ಣದ ಗೌರವ ಫಲಕ ಹಾಕುವ ಪದ್ಧತಿ ಇದೆ. ಬ್ಲೂಸ್ ಹಾಡುಗಾರ ಮಡ್ಡಿ ವಾಟರ್ಸ್ ಹೆಸರಿನದು 43ನೇ ಬೀದಿಯಲ್ಲಿದೆ. ಅದಕ್ಕೆ ನಗರಸಭೆಯ ಒಪ್ಪಿಗೆ ಬೇಕು. ಮೇಷ್ಟ್ರು ತಮ್ಮ ಹೆಸರಿನ ಜೊತೆ ಬೀಗದ ಕೈ ಕೊಟ್ಟ ಆ ಮೇಲ್ವಿಚಾರಕಿಯ ಹೆಸರೂ ಇರಬೇಕು ಎಂದರು. ಅವರು ತೀರಿಕೊಂಡು ಬಹಳ ವರ್ಷವಾಯಿತು. ಅರ್ಜಿ ತಿದ್ದಿ ಮತ್ತೆ ಹಾಕಲಾಗಿದೆ, ಇನ್ನೂ ಬಾಕಿ ಇದೆ.

ಶನಿವಾರದ ಪಾಠ ನಡೆಯುತ್ತಿದೆ. ಅದನ್ನೀಗ ಹೆಚ್ಚಾಗಿ ನಡೆಸುವುದು ಆ ಬಸ್ ಡ್ರೈವರ್. ಮೇಷ್ಟ್ರು ಮೊದಲ ಅರ್ಧ ಗಂಟೆ ಇರುತ್ತಾರೆ. ಫೀಲ್ಡ್‌ಹೌಸಿನ ಕಪಾಟಿನಲ್ಲಿ ಎಂಬತ್ತು, ತೊಂಬತ್ತರ ದಶಕದ ಪಾಠಗಳ ಕ್ಯಾಸೆಟ್‌ಗಳು ಸಿಕ್ಕಿವೆ. ಗ್ರಂಥಾಲಯ ಅವನ್ನು ಡಿಜಿಟಲ್ ಮಾಡಿ ಇಟ್ಟುಕೊಳ್ಳಲು ಒಪ್ಪಿದೆ, ಆದರೆ ಅದರಲ್ಲಿರುವುದು ಆಗಿನ ಮಕ್ಕಳ ದನಿ, ಅವರ ಒಪ್ಪಿಗೆ ಬೇಕು. ಕ್ಯಾಸೆಟ್ ಮೇಲೆ ಇರುವುದು ಮನೆಯಲ್ಲಿ ಕರೆಯುವ ಹೆಸರುಗಳಷ್ಟೇ. ಮಗಳೂ ಬಸ್ ಡ್ರೈವರೂ ಕೂತು ಯಾರು ಯಾರು ಎಂದು ಪಟ್ಟಿ ಮಾಡುತ್ತಿದ್ದಾರೆ. ಡೋನಟ್ಟಿಗಾಗಿ ಬರುತ್ತಿದ್ದವರ ಒಪ್ಪಿಗೆ ಪತ್ರ ಎಲ್ಲರಿಗಿಂತ ಮೊದಲು ಬಂತು.